ಎರಡು ಗುಡ್ಡಗಳ ನಡುವಿನ ಸೂರ್ಯ

ಹೊನ್ನಾವರ
12 ಜೂನ್ 2025

ಸುಚಿತಾ ಮೇಡಂ ಅವರಿಗೆ ಮೊದಲು ನಮಸ್ಕಾರ, ಆಮೇಲೆ ವರದಿ.

ಕುಮಟಾದ ನರ್ಸಿಂಗ್ ಶಾಲೆಯಲ್ಲಿ ನಮಗೂ ನಿಮಗೂ ಒಂದೇ ದಿನ ಬೀಳ್ಕೊಡುಗೆ ಆಯಿತಲ್ಲ, ಅವತ್ತು ನೀವು ಹೇಳಿದ್ದನ್ನು ಮರೆತಿಲ್ಲ. "ನನ್ನ ಕಿವಿ ಕೈಕೊಟ್ಟಿದೆ, ಫೋನು ಮಾಡಿ ಕಿರುಚಬೇಡಿ. ಮೊಬೈಲಿನ ಅಕ್ಷರ ನನಗೆ ಕಾಣುವುದಿಲ್ಲ. ಕಾಗದ ಬರೆಯಿರಿ, ಪತ್ರಕ್ಕೊಂದು ಪ್ರಶ್ನೆ ಇರಲಿ." ಮೂವತ್ತನಾಲ್ಕು ಜನರಲ್ಲಿ ಯಾರಾದರೂ ಬರೆದರೋ ಇಲ್ಲವೋ ಗೊತ್ತಿಲ್ಲ. ಪ್ರಶ್ನೆ ಕೇಳುವ ಚಟ ಇರುವವಳು ನಾನು, ಬಿಡುತ್ತೇನೆಯೇ?

ಇಲ್ಲಿನ ಆಸ್ಪತ್ರೆಗೆ ಸೇರಿ ಹತ್ತು ದಿನ ಆಯಿತು. ಆರು ತಿಂಗಳು ಪರೀಕ್ಷಾವಧಿ, ಆಮೇಲೆ ಕಾಯಂ. ಮೊದಲ ದಿನ ಸೂಜಿ ಹಿಡಿದಾಗ ನನ್ನ ಕೈ ಎಷ್ಟು ನಡುಗಿತೆಂದರೆ, ಹಾಸಿಗೆಯಲ್ಲಿದ್ದ ಅಜ್ಜಿಯೇ "ಹೆದರಬೇಡ ಮಗಾ, ಎಂತ ಆಗೂದಿಲ್ಲ" ಎಂದಳು. ರೋಗಿಗೆ ನಾವು ಹೇಳಬೇಕಾದ ಮಾತನ್ನು ರೋಗಿಯಿಂದಲೇ ಹೇಳಿಸಿಕೊಂಡೆ.

ಮೊನ್ನೆ ಇಲ್ಲೇ ಹೊಳೆಯಾಚೆಯ ಕಾಸರಕೋಡದಿಂದ ಹರಿಹರ ಅಂತ ಒಬ್ಬರು ಬಂದಿದ್ದರು. ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು. ಈಗ ಮಳೆಗಾಲದ ಮೀನುಗಾರಿಕೆ ಬಂದ್ ಇದೆಯಲ್ಲ, ಬೋಟೆಲ್ಲ ದಡದಲ್ಲಿ. ಬಿಡುವಿದೆ ಎಂದು ಪರೀಕ್ಷೆ ಮಾಡಿಸಿದರೆ ಸಕ್ಕರೆ ಮುನ್ನೂರರ ಮೇಲೆ. ಡಾಕ್ಟರ್ ಸುಜಯ ಅವರು ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದರು. ಅವರಿಗೆ ಓದು ಬರುವುದಿಲ್ಲ. ನೀವು ಕಲಿಸಿದ ಹಾಗೆ ಮಾತ್ರೆಯ ಲಕೋಟೆಗಳ ಮೇಲೆ ಚಿತ್ರ ಬರೆದುಕೊಟ್ಟೆ: ಒಂದರ ಮೇಲೆ ಎರಡು ಗುಡ್ಡಗಳ ನಡುವೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. "ಗೊತ್ತಾತಾ?" ಎಂದು ಕೇಳಿದೆ. "ಆತು ಸಿಸ್ಟರ್, ಬೋಟು ನಡೆಸುವವಗೆ ಸೂರ್ಯ ಗೊತ್ತಾಗದೇ ಇರ್ತದ್ಯಾ?" ಎಂದು ನಕ್ಕರು.

ಪ್ರಶ್ನೆ: ಸೂರ್ಯ ಒಬ್ಬನೇ ಸಾಕಲ್ಲ, ಗುಡ್ಡ ಎಂತಕ್ಕೆ?

ನಿಮ್ಮ ವಿದ್ಯಾರ್ಥಿನಿ
ಪವಿತ್ರಾ ಶುಕ್ರ ಗೌಡ, ಈಗ ಸ್ಟಾಫ್ ನರ್ಸ್ (ಬರೆಯಲು ಖುಷಿಯಾಗುತ್ತದೆ)


ಕುಮಟಾ
20 ಜೂನ್ 2025

ಪವಿತ್ರಾ,

ಬರೆದವಳು ನೀನೊಬ್ಬಳೇ. ಉಳಿದ ಮೂವತ್ತಮೂರು ಜನರಿಗೆ ಎಲ್ಲವೂ ಗೊತ್ತಿರಬೇಕು.

ಮೊದಲು ಬೈಗುಳ. ರೋಗಿಯ ಹೆಸರು ಕಾಗದದಲ್ಲಿ ಬರೆಯಬೇಡ. ಪಾಠದ ಮೊದಲ ವಾರವೇ ಹೇಳಿದ್ದೆ. ತಾಂಡೇಲರು ಎಂದರೆ ನನಗೆ ಸಾಕು.

ಗುಡ್ಡದ ಕಥೆ ಇದು. ನಾನು ನಿನ್ನ ಹಾಗೆ ಹೊನ್ನಾವರದಲ್ಲೇ ವಾರ್ಡ್ ನರ್ಸ್ ಆಗಿದ್ದಾಗ, ಓದು ಬಾರದವರಿಗೆಂದು ಈ ಚಿತ್ರ ಶುರು ಮಾಡಿದೆ. ಮೊದಲು ಬರೀ ಒಂದು ವೃತ್ತ ಬರೆಯುತ್ತಿದ್ದೆ. ಒಬ್ಬಳು ಅಜ್ಜಿ ತಿರುಗಿಸಿ ತಿರುಗಿಸಿ ನೋಡಿ "ಇದು ದೋಸೆಯಾ?" ಎಂದು ಕೇಳಿದಳು. ವಾರ್ಡೆಲ್ಲ ನಕ್ಕಿತು. ಅವತ್ತಿನಿಂದ ಎರಡು ಗುಡ್ಡ ಸೇರಿಸಿದೆ. ಗುಡ್ಡದ ಸಂದಿಯಿಂದ ಮೇಲೆ ಬರುವುದು ಸೂರ್ಯನಲ್ಲದೆ ಮತ್ತೇನು?

ಆಮೇಲೆ ಭಟ್ಕಳದಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಒಬ್ಬ ಮುದುಕರು ರಂಜಾನ್ ಸಮಯದಲ್ಲಿ ಲಕೋಟೆ ಹಿಡಿದು ಬಂದು, "ಬೇಟಿ, ರೋಜಾ ಇರುವಾಗ ಈ ಸೂರ್ಯನನ್ನು ಏನು ಮಾಡಲಿ?" ಎಂದರು. ಒಳ್ಳೆಯ ಪ್ರಶ್ನೆ. ಉಪವಾಸದ ತಿಂಗಳಲ್ಲಿ ಮಾತ್ರೆಯ ಹೊತ್ತನ್ನು ಡಾಕ್ಟರರ ಹತ್ತಿರ ಬದಲಿಸಿಕೊಡಬೇಕು ಎಂದು ಅವತ್ತಿನಿಂದ ಪಾಠದಲ್ಲಿ ಸೇರಿಸಿದೆ. ಒಟ್ಟಿನಲ್ಲಿ ಆ ಚಿತ್ರ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ನಾನು ಜೀವನದಲ್ಲಿ ಕಂಡುಹಿಡಿದದ್ದು ಅದೊಂದೇ, ಹಾಗಾಗಿ ಸ್ವಲ್ಪ ಜಂಬ ಇದೆ.

ಸೂಜಿ ಚುಚ್ಚುವಾಗ ರೋಗಿಗೆ ಒಮ್ಮೆ ಕೆಮ್ಮಲು ಹೇಳು. ನಿನ್ನ ಕೈ ನಡುಗಿದ್ದು ಅವರಿಗೆ ತಿಳಿಯುವುದಿಲ್ಲ.

ಸುಚಿತಾ


ಹೊನ್ನಾವರ
18 ಜುಲೈ 2025

ಮೇಡಂ,

ಕೆಮ್ಮು ಕೆಲಸ ಮಾಡಿತು! ನಿನ್ನೆ ಒಬ್ಬರು ಕೆಮ್ಮಿ ಮುಗಿಸಿ "ಸೂಜಿ ಯಾವಾಗ?" ಎಂದು ಕೇಳಿದರು.

ಇನ್ನೊಂದು ದೊಡ್ಡ ಸುದ್ದಿ. ತಾಂಡೇಲರ ಸಕ್ಕರೆ ನೂರಾ ಮೂವತ್ತಕ್ಕೆ ಇಳಿದಿದೆ. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಡಾಕ್ಟರ್ ಸುಜಯ ಅವರು ಎಲ್ಲರೆದುರು "ಯಾರು ಇವರಿಗೆ ಹೇಳಿಕೊಟ್ಟಿದ್ದು?" ಎಂದು ಕೇಳಿ ನನ್ನನ್ನು ಹೊಗಳಿದರು. ತಾಂಡೇಲರ ಹೆಂಡತಿ ಒಂದು ಪೊಟ್ಟಣ ಒಣಮೀನು ತಂದುಕೊಟ್ಟರು. ತೆಗೆದುಕೊಳ್ಳಬಾರದು ಎಂದು ನೀವು ಹೇಳಿದ್ದು ನೆನಪಿತ್ತು. ಸಿಗಡಿ ಇತ್ತು. ತೆಗೆದುಕೊಂಡೆ.

ಆಗಸ್ಟ್ ಒಂದಕ್ಕೆ ಬೋಟು ಇಳಿಯುತ್ತದಂತೆ. "ಬೋಟಿನ ಮೇಲೂ ಲಕೋಟೆ ತಕಂಡು ಹೋಗ್ತೆ, ನೀವು ಹೆದರಬೇಡಿ" ಎಂದರು ತಾಂಡೇಲರು. ಭಾನುವಾರ ನಮ್ಮೂರು ಹಳದೀಪುರಕ್ಕೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದವರು, ಕಾಲು ತೊಳೆಯುವುದನ್ನು ಬಿಟ್ಟು ಕೇಳಿದರು.

ಪ್ರಶ್ನೆ: ಕೆಲಸದಲ್ಲಿ ಮೊದಲ ಸಲ ತಪ್ಪು ಮಾಡಿದ್ದು ಯಾವಾಗ ಮೇಡಂ? ಯಾವ ತಪ್ಪು? ನೀವು ಇದನ್ನು ಪಾಠದಲ್ಲಿ ಹೇಳಲೇ ಇಲ್ಲ.

ಜಂಬದಲ್ಲಿ ನಿಮ್ಮ ಹಿಂದೆಯೇ ಇರುವ
ಪವಿತ್ರಾ


ಕುಮಟಾ
25 ಆಗಸ್ಟ್ 2025

ಪವಿತ್ರಾ,

ಒಂದು ತಿಂಗಳು ದಾಟಿತು. ನಾನು ಉತ್ತರ ಬರೆಯಲಿಲ್ಲ ಎಂದು ಸಿಟ್ಟೇ? ಮೊದಲ ತಪ್ಪು ಯಾವುದು ಎಂದು ಕೇಳಿದ್ದೆಯಲ್ಲ, ಯೋಚಿಸುತ್ತಿದ್ದೆ. ಒಬ್ಬರಿಗೆ ಬಿಸಿನೀರಿನ ಚೀಲ ಇಟ್ಟು ಮರೆತದ್ದು, ಕಾಲಿಗೆ ಗುಳ್ಳೆ ಬಂದದ್ದು. ಅದಕ್ಕಿಂತ ದೊಡ್ಡದು ನೆನಪಾಗುತ್ತಿಲ್ಲ.

ನಿನಗೆ ಪ್ರಶ್ನೆ ಮುಗಿಯಿತೆಂದರೆ ನಾನು ನಂಬುವುದಿಲ್ಲ. ಏನಾಯಿತು?

ಸುಚಿತಾ


ಹೊನ್ನಾವರ
2 ಸೆಪ್ಟೆಂಬರ್ 2025

ಮೇಡಂ,

ಈ ಕಾಗದ ಮೂರು ಸಲ ಹರಿದು ಬರೆಯುತ್ತಿದ್ದೇನೆ.

ಆಗಸ್ಟ್ ಒಂಬತ್ತಕ್ಕೆ ತಾಂಡೇಲರು ಬೋಟು ನಡೆಸುತ್ತಿದ್ದಾಗಲೇ ಕುಸಿದು ಬಿದ್ದರು. ಸುಕ್ಕಾಣಿ ಹಿಡಿಯುವವರಿಲ್ಲದೆ ಬೋಟು ತಿರುಗಿ ಪಕ್ಕದ ಬೋಟಿಗೆ ತಾಗುವುದರಲ್ಲಿತ್ತಂತೆ. ತಾಂಡೇಲರ ಬೋಟಿನಲ್ಲಿ ಏಳು ಜನ ಇದ್ದರು. ಇಲ್ಲಿಗೆ ತಂದಾಗ ಹಣೆ ಒಡೆದಿತ್ತು, ಸಕ್ಕರೆ ನಲವತ್ತನಾಲ್ಕಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟರು.

ನಾನೇ ಕೇಳಿದೆ. "ಮಾತ್ರೆ ಹೇಳಿದ ಹಾಗೇ ತಗೊಂಡಿದ್ರಾ?" "ನೀವು ಬರೆದುಕೊಟ್ಟಂಗೇ ತಕಂಡಿದ್ದೆ ಸಿಸ್ಟರ್." "ಊಟ ಬಿಟ್ಟಿದ್ರಾ?" "ಇಲ್ಲ, ಎಂದಿನಂಗೇ." ನನಗೆ ಸಿಟ್ಟು ಬಂತು ಮೇಡಂ. ಒಂದರ ಬದಲು ಎರಡು ನುಂಗಿ ಈಗ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ನನ್ನನ್ನು ಹೊಗಳಿದ್ದ ಡಾಕ್ಟರು "ನೀನು ಸರಿಯಾಗಿ ಹೇಳಿದ್ದೀಯಾ?" ಎಂದು ಕೇಳಿದಾಗ "ಹೇಳಿದ್ದೇನೆ ಸರ್" ಎಂದೆ. ಫೈಲಿನಲ್ಲಿ "ರೋಗಿ ಹೇಳಿದಂತೆ ಮಾತ್ರೆ ತೆಗೆದುಕೊಂಡಿಲ್ಲ" ಎಂದು ಬರೆದೆ. ಮನೆಗೆ ಕಳಿಸುವ ಚೀಟಿಯಲ್ಲೂ ಅದೇ ಹೋಯಿತು. ಬೋಟಿನ ಮಾಲೀಕರು ಚೀಟಿ ಓದಿಸಿ ನೋಡಿ, "ಮದ್ದು ನೆಟ್ಟಗೆ ತಕಳ್ಳದವನ ಕೈಗೆ ಏಳು ಜನರ ಜೀವ ಕೊಡೂಕಾಗೂದಿಲ್ಲ" ಎಂದು ಅವರನ್ನು ಬೋಟಿನಿಂದ ಇಳಿಸಿಬಿಟ್ಟರು. ಇಪ್ಪತ್ತು ವರ್ಷ ಅದೇ ಬೋಟು ನಡೆಸಿದವರು.

ಕಳೆದ ವಾರ ಅವರ ಹೆಂಡತಿ ಲಕೋಟೆ ಹಿಡಿದುಕೊಂಡು ಬಂದರು. ಜಗಳಕ್ಕಲ್ಲ, ಕೇಳುವುದಕ್ಕೆ. "ಈ ಚಿತ್ರ ನೀವೇ ಬರೆದದ್ದು ಅಲ್ದಾ? ಅವರು ಬೋಟಿನ ಮೇಲೆ ನಿಂತು ದಡದ ಬದಿಗೆ ನೋಡ್ತಾ ಇರ್ತಾರೆ. ಎರಡು ಗುಡ್ಡದ ನಡುವೆ ಸೂರ್ಯ ಕಂಡ ಕೂಡಲೇ ಮಾತ್ರೆ ಹಾಕ್ತಾರೆ. ಬೋಟಿನವರೆಲ್ಲ ಕಂಡಿದ್ದಾರೆ. ಮತ್ತೆ ಇದರಲ್ಲಿ ಎಂತ ತಪ್ಪಿದೆ?"

"ತಿಂಡಿ ಯಾವಾಗ ತಿಂತಾರೆ?" ಎಂದೆ. ಮೇಡಂ, ಆ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು.

"ಬೋಟಿನಲ್ಲಿ ತಿಂಡಿ ಎಲ್ಲಿಂದ? ನಸುಕಿಗೆ ಕರಿ ಚಾ ಕುಡಿದು ಹೋಗೂದು. ಮೊದಲ ಬಲೆ ಎಳೆದು ಆದ ಮೇಲೆ ಅನ್ನ. ಹನ್ನೊಂದು ಗಂಟೆ ಆಗ್ತದೆ."

ಆರೂವರೆಗೆ ಮಾತ್ರೆ, ಹನ್ನೊಂದಕ್ಕೆ ಊಟ; ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಇಳಿಯದೆ ಇರುತ್ತದೆಯೇ? ಜೂನ್, ಜುಲೈಯಲ್ಲಿ ಮನೆಯಲ್ಲಿದ್ದರು, ಬೆಳಿಗ್ಗೆ ಎದ್ದು ತಿಂಡಿ ತಿನ್ನುತ್ತಿದ್ದರು, ಎಲ್ಲ ಸರಿಯಾಗಿತ್ತು. ಆಗಸ್ಟಿನಲ್ಲಿ ಸೂರ್ಯ ಬದಲಾಗಲಿಲ್ಲ, ಊಟ ಬದಲಾಯಿತು. ನಮ್ಮ ಮನೆಯಲ್ಲಿ ಅಪ್ಪ ಗಂಜಿ ಕುಡಿಯದೆ ಗದ್ದೆಗೆ ಇಳಿಯುವುದಿಲ್ಲ. ಸೂರ್ಯ ಬಂದ ಅಂದರೆ ಗಂಜಿ ಆಯಿತು ಎಂದೇ ಅರ್ಥ, ಅದನ್ನು ಯಾರಿಗೂ ಹೇಳಬೇಕಾಗಿಲ್ಲ. ಹಾಗಾಗಿ ನಾನೂ ಹೇಳಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಸುಳ್ಳು ಬರೆದವಳು ನಾನು.

ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಅವರ ಕೆಲಸ ಹೋದದ್ದು ಹೋದಂತೆಯೇ.

ಪ್ರಶ್ನೆ: ತಪ್ಪು ನನ್ನದೋ, ಚಿತ್ರದ್ದೋ?

ಪವಿತ್ರಾ


ಕುಮಟಾ
6 ಸೆಪ್ಟೆಂಬರ್ 2025

ಪವಿತ್ರಾ,

ಚಿತ್ರದ್ದೇನೂ ತಪ್ಪಿಲ್ಲ. ಮಾತ್ರೆ ತಿಂಡಿಗೆ ಅರ್ಧ ತಾಸು ಮೊದಲು ಎಂದು ಬಾಯಲ್ಲಿ ಹೇಳಬೇಕಿತ್ತು. ನಾನು ಕಲಿಸಿಲ್ಲವೇ? ಇಪ್ಪತ್ತೆಂಟು ವರ್ಷದಲ್ಲಿ ಯಾರಿಗೂ ಆಗದ್ದು ನಿನಗೆ ಹೇಗಾಯಿತು?

ಫೈಲಿನಲ್ಲಿ ತಪ್ಪು ಬರೆದರೆ ಏನು ಮಾಡಬೇಕು ಎಂಬುದೂ ನಿನಗೆ ಗೊತ್ತು. ಅಳಿಸಬಾರದು, ಬಿಳಿ ಬಳಿಯಬಾರದು. ಒಂದೇ ಗೆರೆ ಎಳೆಯಬೇಕು, ಹಳೆಯದು ಓದುವ ಹಾಗಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಕೆಲಸದ ವಿಚಾರ ಆಮೇಲೆ.

ಸುಚಿತಾ


ಕುಮಟಾ
8 ಸೆಪ್ಟೆಂಬರ್ 2025

ಪವಿತ್ರಾ,

ಮೊನ್ನೆಯ ಕಾಗದ ಅಂಚೆಗೆ ಹಾಕಿ ಬಂದ ಮೇಲೆ ಊಟ ಸೇರಲಿಲ್ಲ. ಯಾರಿಗೂ ಆಗದ್ದು ಎಂದು ಬರೆದೆನಲ್ಲ, ಅದು ನಿಜವೇ ಎಂದು ಹಳೆಯ ಡ್ಯೂಟಿ ಡೈರಿಗಳನ್ನು ಅಟ್ಟದಿಂದ ಇಳಿಸಿದೆ. ಧೂಳಿಗೆ ಎರಡು ದಿನ ಸೀನಿದೆ.

1998ರ ಡೈರಿಯಲ್ಲಿ ಒಬ್ಬರಿದ್ದಾರೆ. ಕಾಸರಕೋಡದವರು, ಬೋಟಿನವರು. ಮೂರು ಸಲ ಸಕ್ಕರೆ ಇಳಿದು ಬಿದ್ದು ಬಂದಿದ್ದಾರೆ: ಆಗಸ್ಟ್ 19, ಸೆಪ್ಟೆಂಬರ್ 4, ಸೆಪ್ಟೆಂಬರ್ 17. ಜೂನ್, ಜುಲೈಯಲ್ಲಿ ಒಂದು ಸಲವೂ ಇಲ್ಲ. ಮೂರನೆಯ ಸಲದ ಕೆಳಗೆ ನನ್ನದೇ ಅಕ್ಷರದಲ್ಲಿದೆ: "'ನೀವು ಬರೆದಂಗೇ ತಕಂಡೆ ನರ್ಸಬಾಯಿ' ಎಂದ. ಸುಳ್ಳು ಹೇಳುತ್ತಾನೆ. ಎಲ್ಲರೆದುರು ಬೈದೆ."

ನಿನ್ನ ತಾಂಡೇಲರೂ ಅದೇ ಮಾತು ಹೇಳಿದ್ದಾರೆ, ನೋಡು.

ಬೈದದ್ದು ಈಗ ನೆನಪಾಯಿತು. ವಾರ್ಡಿನ ನಡುವೆ ನಿಲ್ಲಿಸಿ ಬೈದಿದ್ದೆ. ಅವರು ಮತ್ತೆ ಬರಲಿಲ್ಲ. ಬುದ್ಧಿ ಬಂತು ಎಂದುಕೊಂಡೆ. ರಂಜಾನಿನ ಮುದುಕರು ಕೇಳಿದಾಗಲಾದರೂ ನನಗೆ ಹೊಳೆಯಬೇಕಿತ್ತು, ಮಾತ್ರೆ ಕಾಯಬೇಕಾದ್ದು ಸೂರ್ಯನನ್ನಲ್ಲ, ಊಟವನ್ನು ಎಂದು. ಅದು ಒಂದು ತಿಂಗಳ ಮಾತು, ಭಟ್ಕಳದ ಮಾತು ಎಂದುಕೊಂಡು ಬಿಟ್ಟೆ. ಇಪ್ಪತ್ತಮೂರು ವರ್ಷ ಆ ಚಿತ್ರವನ್ನು ಎಷ್ಟು ಹುಡುಗಿಯರಿಗೆ ಕಲಿಸಿದೆನೋ. ದೋಸೆಯಾ ಎಂದು ಕೇಳಿದ ಆ ಅಜ್ಜಿಯ ಮಾತು ಕೇಳಿ ದೋಸೆಯನ್ನೇ ಬರೆದಿದ್ದರೆ ಯಾರೂ ಬೀಳುತ್ತಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಚಿತ್ರ ನನ್ನದು. ಫೈಲಿನಲ್ಲಿ ಬರೆದದ್ದು ನಿನ್ನದು. ನಿನ್ನದನ್ನು ನೀನು ಸರಿಮಾಡು.

ಮೊದಲ ತಪ್ಪು ಯಾವುದು ಎಂಬ ನಿನ್ನ ಜುಲೈ ಪ್ರಶ್ನೆಗೂ ಉತ್ತರ ಸಿಕ್ಕಿತು.

ಸುಚಿತಾ


ಹೊನ್ನಾವರ
21 ಸೆಪ್ಟೆಂಬರ್ 2025

ಮೇಡಂ,

ಗೆರೆ ಎಳೆದೆ. ಪಕ್ಕದಲ್ಲಿ ಹೀಗೆ ಬರೆದೆ: "ರೋಗಿ ನಾನು ಕೊಟ್ಟ ಚಿತ್ರದಲ್ಲಿದ್ದಂತೆಯೇ ಮಾತ್ರೆ ತೆಗೆದುಕೊಂಡಿದ್ದಾರೆ. ಊಟದ ಹೊತ್ತನ್ನು ನಾನು ಕೇಳಿರಲಿಲ್ಲ, ಹೇಳಿರಲಿಲ್ಲ." ಸಹಿ ಹಾಕಿ ಡಾಕ್ಟರ್ ಸುಜಯ ಅವರ ಮೇಜಿನ ಮೇಲಿಟ್ಟೆ. ಇಡುವ ಮುಂಚೆ ನಾನೇ ಒಮ್ಮೆ ಕೆಮ್ಮಿಕೊಂಡೆ.

ಅವರು ಎರಡು ಸಲ ಓದಿದರು. ಜೋರಾಗಿ ಬೈದರು, ಅದೂ ಊಟದ ವಿಷಯಕ್ಕಲ್ಲ, ಮೂರು ವಾರ ಮುಚ್ಚಿಟ್ಟದ್ದಕ್ಕೆ. ಆಮೇಲೆ, "ನಾನೂ ಬೆಳಿಗ್ಗೆ ಎಂದೇ ಬರೆದದ್ದು, ಬೋಟಿನವರ ಬೆಳಿಗ್ಗೆ ಯಾವಾಗ ಎಂದು ಕೇಳಲಿಲ್ಲ" ಎಂದರು. ನನ್ನ ಪರೀಕ್ಷಾವಧಿ ಮೂರು ತಿಂಗಳು ಮುಂದೆ ಹೋಯಿತು. ಕೆಲಸ ಹೋಗಲಿಲ್ಲ.

ಮಾತ್ರೆ ಬದಲಿಸಿ, ಮಾಲೀಕರಿಗೆ ಬೇರೆ ಚೀಟಿ ಬರೆದುಕೊಟ್ಟರು. ನಾನೇ ಕಾಸರಕೋಡಕ್ಕೆ ಹೋಗಿ ಕೊಟ್ಟೆ. ಮಾಲೀಕರು ಓದಿಸಿ ಕೇಳಿ, "ಹಂಗಾದ್ರೆ ನಿಮ್ಮದೇ ತಪ್ಪು ಹೇಳಿ" ಎಂದರು. ಹೌದು ಎಂದೆ. ಸುತ್ತ ಬಲೆ ಬಿಡಿಸುತ್ತಿದ್ದವರೆಲ್ಲ ನೋಡುತ್ತಿದ್ದರು. ತಾಂಡೇಲರನ್ನು ಒಂದು ತಿಂಗಳು ಬಲೆ ಕೆಲಸಕ್ಕೆ ಇಟ್ಟು ನೋಡಿ, ಆಮೇಲೆ ಸುಕ್ಕಾಣಿ ಕೊಡುತ್ತಾರಂತೆ. ಹೊಸ ಲಕೋಟೆಯ ಮೇಲೆ ಗಂಜಿ ಬಟ್ಟಲು ಬರೆದಿದ್ದೆ. ತಾಂಡೇಲರು ಅದನ್ನು ನೋಡಿ, "ಬಟ್ಟಲು ಸಣ್ಣಾತು ಸಿಸ್ಟರ್, ನಾ ಇಷ್ಟು ಕಮ್ಮಿ ಉಂಬೂದಿಲ್ಲ" ಎಂದರು. ಅಳು ಬಂತು ಮೇಡಂ, ಅಲ್ಲೇ ಅತ್ತುಬಿಟ್ಟೆ.

ಈಗ ವಾರ್ಡಿಗೆ ಬರುವ ಎಲ್ಲರ ಹತ್ತಿರ ಎಷ್ಟು ಗಂಟೆಗೆ ಉಣ್ಣುತ್ತೀರಿ ಎಂದು ಕೇಳುತ್ತೇನೆ. ಬಸ್ಸಿನ ಡ್ರೈವರ್ ಒಬ್ಬರು, ಐಸ್ ಕಾರ್ಖಾನೆಯವರೊಬ್ಬರು, ಮೀನು ಮಾರುವವರು. ಒಬ್ಬರ ಬೆಳಿಗ್ಗೆ ಇನ್ನೊಬ್ಬರಿಗಿಲ್ಲ.

ಪ್ರಶ್ನೆ: 1998ರವರನ್ನು ಹುಡುಕುತ್ತೀರಾ?

ಪವಿತ್ರಾ


ಕುಮಟಾ
10 ಅಕ್ಟೋಬರ್ 2025

ಪವಿತ್ರಾ,

ನಿನ್ನೆ ಹೋಗಿದ್ದೆ.

ಡೈರಿಯಲ್ಲಿದ್ದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಕಾಸರಕೋಡದ ಒಂದು ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯವರು ಅದರ ಕೆಳಗೆ "ತೀರಿಹೋಗಿದ್ದಾರೆ, ಹೆಂಡತಿ ಹನುಮಕ್ಕ ಇದ್ದಾರೆ" ಎಂದು ಬರೆದು, ಮನೆಯ ದಾರಿ ಕೈಯಲ್ಲಿ ತೋರಿಸಿದರು. ಆಗಲೇ ವಾಪಸು ಹೋಗಿಬಿಡೋಣ ಎನಿಸಿತು.

ಹನುಮಕ್ಕ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ನಾನು ಯಾರು ಎಂದು ಹೇಳಿದೆ. ಚಿತ್ರ ಬರೆದದ್ದು, ಬೈದದ್ದು, ಅವರು ಸುಳ್ಳು ಹೇಳಿರಲಿಲ್ಲ ಎಂದು ಈಗ ಗೊತ್ತಾದದ್ದು ಎಲ್ಲ ಹೇಳಿದೆ. ನನ್ನ ದನಿ ನನಗೆ ಕೇಳುವುದಿಲ್ಲವಲ್ಲ, ಬಹಳ ಜೋರಾಗಿ ಹೇಳಿರಬೇಕು. ನೋಡಿದರೆ ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತಿದ್ದರು. ಇರಲಿ, ಬೈದದ್ದೂ ಎಲ್ಲರೆದುರೇ.

ಆಮೇಲೆ ಹನುಮಕ್ಕ ಮಾತಾಡಿದಳು. ತುಂಬ ಹೊತ್ತು. ಒಮ್ಮೆ ಸಮುದ್ರದ ಕಡೆ ಕೈ ತೋರಿಸಿದಳು, ಒಮ್ಮೆ ಅಂಗೈ ಚಾಚಿ ತೋರಿಸಿದಳು, ಕಣ್ಣು ಒರೆಸಿಕೊಂಡಳು. ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಅವಳಿಗೆ ಬರೆಯಲು ಬರುವುದಿಲ್ಲ. ಬರೆದು ತಿಳಿಸಿ ಎಂದು ಅಕ್ಕಪಕ್ಕದವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಕಿವಿ ಚೆನ್ನಾಗಿದ್ದಾಗ ಅವಳ ಗಂಡನ ಒಂದು ಮಾತು ಕೇಳಿಸಿಕೊಳ್ಳದವಳು ನಾನು.

ಕೊನೆಗೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅನ್ನ, ಬಂಗಡೆ ಸಾರು ಬಡಿಸಿದಳು. ಅವಳೂ ಎದುರು ಕೂತು ಉಂಡಳು. ಗೋಡೆಯ ಗಡಿಯಾರ ನೋಡಿದೆ, ಹನ್ನೊಂದು ಗಂಟೆ. ಈಗ ಆ ಮನೆಯಿಂದ ಯಾರೂ ಬೋಟಿಗೆ ಹೋಗುವಂತೆ ಕಾಣುವುದಿಲ್ಲ, ಆದರೂ ಊಟದ ಹೊತ್ತು ಅದೇ.

ಮನೆಗೆ ಬಂದು ಡೈರಿಯಲ್ಲಿ "ಸುಳ್ಳು ಹೇಳುತ್ತಾನೆ" ಎಂಬುದರ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ನಿನ್ನೆಯ ತಾರೀಖು ಹಾಕಿ ಸಹಿ ಮಾಡಿದೆ.

ಈ ಸಲ ಪ್ರಶ್ನೆ ನನ್ನದು. ಅವಳು ಏನು ಹೇಳಿದಳು? ರಜೆ ಇದ್ದಾಗ ಹೋಗಿ ಕೇಳಿಕೊಂಡು ಬಂದು ಬರೆ. ಬೈದಿದ್ದರೆ ಬೈದದ್ದನ್ನೇ ಬರೆ, ಮೆತ್ತಗೆ ಮಾಡಬೇಡ.

ಸುಚಿತಾ


ಹೊನ್ನಾವರ
17 ಅಕ್ಟೋಬರ್ 2025

ಮೇಡಂ,

ಹೋಗಿ ಬಂದೆ. ಹನುಮಕ್ಕ ಹೇಳಿದ್ದನ್ನು ಅವರ ಎದುರೇ ಕೂತು ಬರೆದುಕೊಂಡೆ, ಒಂದು ಮಾತನ್ನೂ ಬದಲಿಸಿಲ್ಲ.

"ಅವತ್ತು ನಾನು ಆಸ್ಪತ್ರೆಯಲ್ಲಿ ಇರಲಿಲ್ಲ ಮಗಾ, ಮೀನು ಮಾರೂಕೆ ಹೋಗಿದ್ದೆ. ವಾರ್ಡಿನಲ್ಲಿದ್ದವರು ಬಂದು ಹೇಳಿದ್ರು, ನಿನ್ನ ಗಂಡ ಮಾತ್ರೆ ವಿಷಯದಲ್ಲಿ ಸುಳ್ಳು ಹೇಳ್ತಾನಂತೆ, ನರ್ಸಬಾಯಿ ಬೈದ್ರು ಅಂತ. ಕಲಿತವರು ಸುಳ್ಳು ಹೇಳ್ತಾರಾ? ನಾನೂ ಗಂಡನಿಗೆ ಬೈದೆ. ಬೋಟಿನಿಂದ ಬಿಡಿಸಿ ಮನೆಯಲ್ಲಿ ಕೂರಿಸಿದೆ. ಆಮೇಲೆ ಆರು ವರ್ಷ ಇದ್ರು, ಬಲೆ ಹೊಲಿತಾ. ದಿನಾ ಮಾತ್ರೆ ನಾನೇ ಅವರ ಕೈಗೆ ಹಾಕಿ, ನುಂಗೂ ತನಕ ಎದುರು ನಿಲ್ತಿದ್ದೆ. ನಂಬಿಕೆ ಇರಲಿಲ್ಲ ನನಗೆ. ಅವರು ಎಂತದೂ ಹೇಳ್ತಿರಲಿಲ್ಲ, ಅಂಗೈ ಚಾಚ್ತಿದ್ರು. ಮೊನ್ನೆ ನಿಮ್ಮ ಮೇಡಂ ಬಂದು ಹೇಳಿದ ಮೇಲೆ ಗೊತ್ತಾತು, ಅವರು ಸುಳ್ಳು ಹೇಳಿರಲಿಲ್ಲ ಅಂತ. ಮೊದಲು ಸಿಟ್ಟು ಬಂತು, ಇಷ್ಟು ವರ್ಷ ಎಲ್ಲಿ ಹೋಗಿದ್ರಿ ಅಂತ ಬೈದೆ. ಆಮೇಲೆ ಕಂಡ್ರೆ ಅವರಿಗೆ ಕಿವಿಯೇ ಕೇಳೂದಿಲ್ಲ. ಊಟದ ಹೊತ್ತಾತು, ಅಷ್ಟು ದೂರದಿಂದ ಬಂದವರು ಹಸಿದಿರ್ತಾರೆ ಅಂದೇಳಿ ಬಡಿಸಿದೆ."

ಇಷ್ಟು ಅವರ ಮಾತು. ನಾನು ಎದ್ದು ಹೊರಡುವಾಗ ಗೇಟಿನ ತನಕ ಬಂದು ಒಂದು ಪ್ರಶ್ನೆ ಕೇಳಿದರು. "ಅವತ್ತು ಬೈದಾಗ ನಮ್ಮವರು ಎಂತ ಹೇಳಿದ್ರಂತೆ? ಮನೆಗೆ ಬಂದು ಹೇಳೂಕೆ ಬಂದ್ರೆ ನಾನು ಕೇಳಲೇ ಇಲ್ಲ. ನಿಮ್ಮ ಮೇಡಂಗೆ ನೆನಪಿದ್ಯಾ?"

ಮೇಡಂ ಡೈರಿಯಲ್ಲಿ ಬರೆದಿಟ್ಟಿದ್ದಾರೆ ಎಂದೆ. ಗಂಡನದೇ ಮಾತೇ ಎಂದು ಕೇಳಿದರು. ಅವರದೇ ಮಾತು ಎಂದೆ.

ಮುಂದಿನ ಗುರುವಾರ ನನಗೆ ರಜೆ. ಡೈರಿ ತೆಗೆದುಕೊಂಡು ಬನ್ನಿ ಮೇಡಂ. ಕುಮಟಾದಿಂದ ಒಂಬತ್ತೂವರೆಯ ಬಸ್ಸು ಹಿಡಿದರೆ ಹನ್ನೊಂದರ ಒಳಗೆ ತಲುಪಬಹುದು. ಅನ್ನ ಹೆಚ್ಚು ಇಡುತ್ತೇನೆ ಎಂದಿದ್ದಾರೆ ಹನುಮಕ್ಕ. ನೀವು ಆ ಪುಟ ತೆಗೆದುಕೊಡಿ, ಅವರಿಗೆ ನಾನು ಓದಿ ಹೇಳುತ್ತೇನೆ.

ಪವಿತ್ರಾ